ಹೆಬ್ಬೆಟ್ಟಿಗೆ ಬೀಗ

ಏನೇ ಕೆಟ್ಟರೂ ‘ಹ್ಯಾಕ್ ಆಗೈತಿ’ ಎನ್ನುವುದು ಈಗ ನಮ್ಮ ಕಡೆ ರೂಢಿಗೆ ಬಂದಿದೆ. ಬ್ಯಾಂಕಿನ ದುಡ್ಡು ಹೋದರೆ ಹ್ಯಾಕ್, ಫೇಸ್‌ಬುಕ್ಕಿನಲ್ಲಿ ನಮ್ಮ ಹೆಸರು ಹೇಳಿಕೊಂಡು ಯಾರೋ ಸಾಲ ಕೇಳಿದರೆ ಹ್ಯಾಕ್, ಮೊಬೈಲು ಬಿಸಿಯಾದರೂ ಹ್ಯಾಕ್. ಹಿಂದೆ ಮಗು ಹಾಲು ಬಿಟ್ಟರೆ ‘ಗಾಳಿ ಸೋಕಿದೆ’ ಎನ್ನುತ್ತಿದ್ದ ಜಾಗದಲ್ಲಿ ಈ ಮಾತು ಬಂದು ಕೂತಿದೆ. ಎರಡರಲ್ಲೂ ಒಂದು ಅನುಕೂಲವಿದೆ: ಯಾರೂ ಉತ್ತರ ಹೇಳಬೇಕಾಗಿಲ್ಲ. ಆದರೆ ಗಾಳಿಯ ಕಾಲದಲ್ಲಿ ‘ನೀನೇ ಗಾಳಿಯನ್ನು ಕರೆದಿರಬೇಕು’ ಎಂದು ಮಗುವನ್ನು ಯಾರೂ ಬೈಯುತ್ತಿರಲಿಲ್ಲ. ಈಗ ದುಡ್ಡು ಕಳೆದುಕೊಂಡವರಿಗೆ ಮೊದಲು ಸಿಗುವುದೇ ಬೈಗುಳ: ‘ನೀವೇ ಓಟಿಪಿ ಕೊಟ್ಟಿರಬೇಕು.’ ನನ್ನ ತಕರಾರು ಇರುವುದು ಈ ಮಾತಿನ ಮೇಲೆ.

ಹ್ಯಾಕ್ ಎನ್ನುವುದು ಮೊದಲಿಗೆ ಕಳ್ಳರ ಪದವಾಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಆಟಿಕೆ ರೈಲು ಓಡಿಸುವ ವಿದ್ಯಾರ್ಥಿಗಳದೊಂದು ಸಂಘವಿತ್ತು. ಹಳಿಯ ಕೆಳಗಿನ ವೈರು, ಸ್ವಿಚ್ಚುಗಳ ಗೋಜಲಿನಲ್ಲಿ ಯಾರಾದರೂ ಜಾಣತನದ ಉಪಾಯ ಹೂಡಿದರೆ ಅದಕ್ಕೆ ಹ್ಯಾಕ್ ಎನ್ನುತ್ತಿದ್ದರು. ಅದೇ ಹುಡುಗರು ಮುಂದೆ ಕಂಪ್ಯೂಟರಿನ ಕಡೆ ಹೊರಳಿದರು, ಪದವೂ ಜೊತೆಗೆ ಹೋಯಿತು. ಹಾಗೆ ನೋಡಿದರೆ ಕೊಟ್ಟೂರಿನ ರೇಡಿಯೋ ರಿಪೇರಿಯವರೂ, ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹಳೆಯ ಮೊಬೈಲು ಕಟ್ಟಿ ಮನೆಯಲ್ಲಿ ಕೂತೇ ಮೋಟರು ಹಾಕುವ ರೈತರ ಮಕ್ಕಳೂ ಹ್ಯಾಕರುಗಳೇ. 1998ರಲ್ಲಿ ‘ಬರಹ’ ತಂತ್ರಾಂಶ ಮಾಡಿಕೊಟ್ಟ ಶೇಷಾದ್ರಿವಾಸು ಅವರನ್ನೂ ನಾನು ಆ ಸಾಲಿಗೇ ಸೇರಿಸುತ್ತೇನೆ. ನಮ್ಮ ಎಷ್ಟೋ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲಿ ಟೈಪಾದದ್ದು ಅದರಿಂದ. ಇಂಥ ಮರ್ಯಾದಸ್ಥ ಪದವನ್ನು ಕಳ್ಳರಿಗೆ ಬಿಟ್ಟುಕೊಟ್ಟು ಕೂತಿದ್ದೇವೆ. ತಮಾಷೆಯೆಂದರೆ ಆ ಕಳ್ಳರಲ್ಲಿ ಬಹಳ ಮಂದಿ ಯಾವ ಬೀಗವನ್ನೂ ಒಡೆಯುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ.

ತೆರೆದಿಟ್ಟವರು ಯಾರು? ನಮ್ಮ ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಗಳು ಸಣ್ಣ ಯಂತ್ರ ಹಿಡಿದು ಬರುತ್ತಾರಲ್ಲ, ಅದಕ್ಕೆ ಆಧಾರ್ ನಂಬರು, ಬ್ಯಾಂಕಿನ ಹೆಸರು, ಒಂದು ಹೆಬ್ಬೆಟ್ಟು ಇದ್ದರೆ ಸಾಕು, ದುಡ್ಡು ಕೈಗೆ ಬರುತ್ತದೆ. ಓಟಿಪಿಯ ಗೊಡವೆಯೇ ಇಲ್ಲ. ಪಿಂಚಣಿಗಾಗಿ ಹತ್ತು ಮೈಲಿ ಬಸ್ಸಿನಲ್ಲಿ ಹೋಗಬೇಕಿದ್ದ ಮುದುಕರಿಗೆ ಇದರಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ 2023ರಲ್ಲಿ ಬೆಂಗಳೂರು, ಮಂಗಳೂರು ಕಡೆಯಿಂದ ವಿಚಿತ್ರ ದೂರುಗಳು ಬರತೊಡಗಿದವು. ಮನೆ, ನಿವೇಶನ ನೋಂದಣಿ ಮಾಡಿಸಿಕೊಂಡವರ ಖಾತೆಯಿಂದ ಇದೇ ಹೆಬ್ಬೆಟ್ಟಿನ ದಾರಿಯಲ್ಲಿ ದುಡ್ಡು ಹೋಗುತ್ತಿತ್ತು. ಕ್ರಯಪತ್ರದಲ್ಲಿ ಬೆರಳಚ್ಚೂ ಇರುತ್ತದೆ, ಆಧಾರ್ ನಂಬರೂ ಇರುತ್ತದೆ. ಅದರ ನಕಲು ಕೈಗೆ ಸಿಕ್ಕರೆ ಬೆರಳಿನ ಅಚ್ಚು ತೆಗೆಯುವುದು ಬಲ್ಲವರಿಗೆ ಕಷ್ಟವಲ್ಲ. ದೂರುಗಳಾದ ಮೇಲೆ ನೋಂದಣಿ ಇಲಾಖೆ ಆ ಬೆರಳಚ್ಚುಗಳನ್ನು ಮರೆಮಾಡಲು ಹೊರಟಿತು. ಊರೆಲ್ಲ ಸುತ್ತಿ ‘ಯಾರಿಗೂ ಓಟಿಪಿ ಹೇಳಬೇಡಿ’ ಎಂದು ಸಾರುವವರು ಈ ವಿಷಯಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ.

ನನ್ನ ವಿದ್ಯಾರ್ಥಿಯೊಬ್ಬಳ ಅಜ್ಜಿಯ ಪಿಂಚಣಿ ದುಡ್ಡು ಹೀಗೇ ಹೋಯಿತು. ಬ್ಯಾಂಕಿಗೆ ಅವರ ಜೊತೆ ನಾನೂ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ಕತ್ತೆತ್ತದೆ ಅದೇ ಮಂತ್ರ ಹೇಳಿದ: ‘ಯಾರಿಗೋ ಓಟಿಪಿ ಕೊಟ್ಟಿದ್ದೀರಿ.’ ಅಜ್ಜಿ ನನ್ನ ಮುಖ ನೋಡಿ, ‘ನಾ ಯಾರಿಗೂ ಏನೂ ಕೊಟ್ಟಿಲ್ರಿ ಮೇಡಂ, ನನ್ನತ್ರ ಫೋನೇ ಇಲ್ಲ’ ಅಂದರು. ಫೋನಿಲ್ಲದವರು ಓಟಿಪಿ ಕೊಡುವುದು ಹೇಗೆ ಎಂಬುದಕ್ಕೆ ಆ ಹುಡುಗನ ಬಳಿ ಉತ್ತರವಿರಲಿಲ್ಲ. ಊಟದ ಹೊತ್ತಾಗಿತ್ತು, ಎದ್ದು ಹೋದ.

ತೊಂಬತ್ತರ ದಶಕದ ಸಾಕ್ಷರತಾ ಆಂದೋಲನ ನೆನಪಿರುವವರಿಗೆ ಇದರ ವ್ಯಂಗ್ಯ ತಿಳಿಯುತ್ತದೆ. ಹೆಬ್ಬೆಟ್ಟು ಎನ್ನುವುದು ಆಗ ಬೈಗುಳ. ಲಾಟೀನಿನ ಬೆಳಕಲ್ಲಿ ಕೂಲಿಯ ಹೆಣ್ಣುಮಕ್ಕಳ ಕೈಹಿಡಿದು ಸಹಿ ತಿದ್ದಿಸಿದ್ದೆವು. ಮೊದಲ ಸಲ ಹೆಸರು ಬರೆದವರು ಆ ಸ್ಲೇಟನ್ನು ಅಳಿಸದೆ ಮನೆಗೆ ಒಯ್ಯುತ್ತಿದ್ದರು. ಮೂವತ್ತು ವರ್ಷ ಕಳೆದು ಅವರನ್ನೂ, ಕಲಿಸಿದ ನಮ್ಮನ್ನೂ ಒಟ್ಟಿಗೆ ಹೆಬ್ಬೆಟ್ಟಿಗೆ ವಾಪಸು ತಂದು ನಿಲ್ಲಿಸಿದ್ದಾರೆ, ಪ್ರಗತಿಯ ಹೆಸರಿನಲ್ಲಿ. ಸಹಿ ಕದ್ದರೆ ಸಹಿ ಬದಲಿಸಬಹುದಿತ್ತು. ಹೆಬ್ಬೆಟ್ಟನ್ನು ಬದಲಿಸುವುದು ಎಲ್ಲಿ? ‘ಆಧಾರ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಿ, ಸೌಲಭ್ಯವಿದೆ’ ಎನ್ನುತ್ತಾರೆ. ಇದೆ, ನಿಜ. ಹಾಕಿಕೊಂಡು ಪಡಿತರ ಅಂಗಡಿಗೆ ಹೋಗಿ ನೋಡಿ. ಅಲ್ಲಿ ಥಂಬ್ ಕೊಡಬೇಕು. ಬೀಗ ಹಾಕಿದ ಥಂಬು ನಡೆಯುವುದಿಲ್ಲ. ಬೀಗ ತೆಗೆಯಲು ಮೊಬೈಲು ಬೇಕು. ಮೊಬೈಲು ಮಗನದು, ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ. ಅಕ್ಕಿ ಬೇಕೋ, ಬೀಗ ಬೇಕೋ?

ಹರಪನಹಳ್ಳಿಯವರ ಪಾಡು ಇನ್ನೂ ಚೆಂದ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದರು, 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರದವರಾದರು. ಊರು ಒಂದಡಿಯೂ ಕದಲಲಿಲ್ಲ. ಕೊನೆಯ ಎರಡು ಸಲವಂತೂ ಆಧಾರ್ ಬಂದ ಮೇಲಿನದು. ವಿಳಾಸ ತಿದ್ದಿಸಲು ಹೋದವರ ಝೆರಾಕ್ಸು ಪ್ರತಿಗಳು ಯಾವ ಅಂಗಡಿಯ ಮೂಲೆಯಲ್ಲಿವೆಯೋ, ಯಾವ ಮಿರ್ಚಿಯ ಪೊಟ್ಟಣವಾದವೋ.

ಇನ್ನು ಸರ್ಕಾರದ ಮನೆಗೇ ಕಳ್ಳರು ಹೊಕ್ಕಾಗ ಏನಾಯಿತು? 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ, ಗುತ್ತಿಗೆದಾರರು ಇಟ್ಟಿದ್ದ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಹೊರಗೆ ಹೋಯಿತು. 2025ರ ಜನವರಿಯಲ್ಲಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದ ಮೇಲೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಅದನ್ನು ನಿಲ್ಲಿಸಿಯೇ ಬಿಟ್ಟರು. ಜನ ಕಚೇರಿಯಿಂದ ಬರಿಗೈಲಿ ಮರಳಿದರು. ಆಗ ‘ನೀವೇ ಓಟಿಪಿ ಕೊಟ್ಟಿರಬೇಕು’ ಎಂದು ಸರ್ಕಾರಕ್ಕೆ ಯಾರೂ ಹೇಳಲಿಲ್ಲ. ಎಫ್.ಐ.ಆರ್. ಆಯಿತು, ತನಿಖೆ ನಡೆಯಿತು. ಅಜ್ಜಿಗೆ ಮಾತ್ರ ಉಪದೇಶ.

ಈಗ ‘ಡಿಜಿಟಲ್ ಅರೆಸ್ಟ್’ ಬಂದಿದೆ. ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟವನೊಬ್ಬ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಕ್ಯಾಮೆರಾ ಬಿಟ್ಟು ಕದಲಬೇಡಿ ಎನ್ನುತ್ತಾನೆ. ಓದಿದವರೇ ಗಂಟೆಗಟ್ಟಲೆ ಕೂತು ಜೀವಮಾನದ ಗಳಿಕೆ ಕಳಿಸುತ್ತಾರೆ. ಅಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯಿತು. ಇದರಲ್ಲಿ ಹ್ಯಾಕ್ ಎಲ್ಲಿದೆ? ಒಂದು ಸಮವಸ್ತ್ರ, ಒಂದು ಗದರಿಕೆ, ಅಷ್ಟೆ.

ನಮ್ಮ ಜನಕ್ಕೆ ಪ್ರಶ್ನೆ ಕೇಳಲು ಬಾರದೆಂದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಸಾವಿರಾರು ಜನ ಉಸಿರು ಹಿಡಿದು ಕೇಳುತ್ತಾರೆ. ಆಮೇಲೆ ಚಹದಂಗಡಿಯಲ್ಲಿ ವಾದವೋ ವಾದ: ಇದು ಮಳೆಗೆ ಹೇಳಿದ್ದೋ, ವಿಧಾನಸೌಧಕ್ಕೆ ಹೇಳಿದ್ದೋ, ಮೆಕ್ಕೆಜೋಳದ ಧಾರಣೆಗೋ? ದೇವರ ಮಾತನ್ನೇ ಜರಡಿ ಹಿಡಿಯುವವರು ಖಾಕಿಯ ಮುಂದೆ, ಕೌಂಟರಿನ ಮುಂದೆ ನಾಲಿಗೆ ಕಚ್ಚಿಕೊಳ್ಳುತ್ತಾರಲ್ಲ, ಅದನ್ನು ಎಲ್ಲಿ ಕಲಿತರು? ಶಾಲೆಯಲ್ಲಿ. ಕಂಪ್ಯೂಟರ್ ಕೋಣೆಗೆ ಬೀಗ, ಬೀಗದ ಕೈ ಹೆಡ್‌ಮಾಸ್ತರರ ಡ್ರಾಯರಿನಲ್ಲಿ, ಗೋಡೆಯ ಮೇಲೆ ‘ಮುಟ್ಟಬೇಡಿ’. ಬಿಚ್ಚಿ ನೋಡುವ ಹುಡುಗ ಉಡಾಳ, ‘ಯಾಕೆ’ ಅನ್ನುವ ಹುಡುಗಿ ಬಾಯಿಬಡಕಿ. ಹೀಗೆ ಹದಮಾಡಿದ ಮಕ್ಕಳು ನಲವತ್ತರ ವಯಸ್ಸಿನಲ್ಲಿ ಸುಳ್ಳು ಪೊಲೀಸನನ್ನು ‘ನಿಮ್ಮದು ಯಾವ ಠಾಣೆ ಸಾರ್?’ ಎಂದು ಕೇಳಲಿ ಅಂದರೆ ಕೇಳುತ್ತಾರೆಯೇ? ಹೋದ ವರ್ಷ ಸೈಬರ್ ಜಾಗೃತಿ ಭಾಷಣ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮ ಬೆರಳಚ್ಚು ಈಗ ಎಲ್ಲೆಲ್ಲಿ ಐತ್ರಿ?’ ಎಂದಳು. ಭಾಷಣಕಾರರು ಗಡಿಯಾರ ನೋಡಿಕೊಂಡರು.

2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ದುಡ್ಡು ಹೋಗಿ, ಗ್ರಾಹಕರು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವರದಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ದುಡ್ಡು ಖಾತೆಗೆ ತುಂಬಬೇಕು. ಗ್ರಾಹಕರದೇ ತಪ್ಪು ಎನ್ನುವುದಾದರೆ ಅದನ್ನು ರುಜುವಾತು ಮಾಡುವ ಹೊಣೆ ಬ್ಯಾಂಕಿನದು ಎಂದು ಅದರಲ್ಲಿತ್ತು. ಅಂದರೆ ‘ನೀವೇ ಕೊಟ್ಟಿರಬೇಕು’ ಅಂದರೆ ಸಾಲದು, ತೋರಿಸಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಕೆಳಗೆ 1930 ಸಹಾಯವಾಣಿಯ ನಂಬರು ಹಾಕಿ, ಬಿಸಿಯೂಟದ ಪಟ್ಟಿಯ ಪಕ್ಕ ಅಂಟಿಸಿದ್ದೇನೆ. ಇನ್ನೊಂದು ಪ್ರತಿಯನ್ನು ಆ ಬ್ಯಾಂಕಿಗೂ ಒಯ್ದು, ಗೋಡೆಗೆ ಹಾಕಿ ಎಂದು ಕೊಟ್ಟೆ. ಮ್ಯಾನೇಜರರು ಎರಡು ಸಲ ಓದಿ, ಮಡಚಿ, ಫೈಲಿನಲ್ಲಿಟ್ಟುಕೊಂಡರು. ಗೋಡೆಗೆ ಅಂಟಿಸಲು ಮೇಲಿನಿಂದ ಆದೇಶ ಬರಬೇಕಂತೆ.