ತೌಡೆಲ್ಲ ತೆಗೆದ ಮೇಲೆ ಸಿರಿಧಾನ್ಯದಲ್ಲಿ ಸಿರಿ ಎಲ್ಲಿ?

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತು. ಅದರಿಂದ ನಮ್ಮ ಬಯಲುಸೀಮೆಯ ನವಣೆ, ಸಾಮೆ, ಹಾರಕಕ್ಕೆ ಪೇಟೆಯಲ್ಲಿ ಮರ್ಯಾದೆ ಹೆಚ್ಚಿತು. ಸಂತೋಷ. ಆದರೆ ಅಂಗಡಿಯಲ್ಲಿ ಸಾಮೆ ಅಕ್ಕಿಯ ಪೊಟ್ಟಣ ಬಿಡಿಸಿ ನೋಡಿ. ಎಷ್ಟೋ ಪೊಟ್ಟಣದಲ್ಲಿ ಪಾಲಿಶ್ ಮಾಡಿದ ನೆಲ್ಲಕ್ಕಿ ಥರ ಬೆಳ್ಳಗೆ ಹೊಳೆಯುತ್ತೆ. ನನ್ನ ತಕರಾರು ಇಲ್ಲೇ.

ಕಾಳಿನ ಹೊರಗಿನ ಹೊಟ್ಟು ತಿನ್ನಕ್ಕಾಗಲ್ಲ, ಅದು ಹೋಗಲೇಬೇಕು. ಅದರ ಕೆಳಗಿನ ತೆಳ್ಳನೆ ಪದರವೇ ತೌಡು. ನಾರಿನಂಶ ಹೆಚ್ಚಿರೋದು ಅದರಲ್ಲೇ. ಮಿಲ್ಲಿನವರು ಅದನ್ನೂ ಉಜ್ಜಿ ತೆಗೀತಾರೆ. ಅವರಿಗೂ ಕಾರಣವಿದೆ: ತೌಡಿನಲ್ಲಿ ಎಣ್ಣೆಯ ಅಂಶ ಇರೋದರಿಂದ ಅಕ್ಕಿ ಬೇಗ ಕಮಟು ಹಿಡಿಯುತ್ತೆ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಇಡೋಕಾಗಲ್ಲ. ಗಿರಾಕಿಗೂ ಬಿಳುಪೇ ಬೇಕು. ಕೊನೆಗೆ ತೌಡು ದನಕ್ಕೆ, ಕೋಳಿಗೆ, ಪಿಷ್ಟ ನಮಗೆ.

ನಾರು ಜೀರ್ಣವಾಗಲ್ಲ, ಅದರಿಂದೇನು ಲಾಭ ಅಂತ ಕೇಳುವವರಿದ್ದಾರೆ. ಜೀರ್ಣವಾಗದಿರೋದೇ ಅದರ ಗುಣ. ಸಣ್ಣ ಕರುಳನ್ನು ದಾಟಿ ಅದು ದೊಡ್ಡ ಕರುಳಿಗೆ ಹೋಗುತ್ತೆ. ಒಂದಷ್ಟು ನಾರು ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡಿ ಮುಂದೆ ತಳ್ಳುತ್ತೆ. ಇನ್ನೊಂದಷ್ಟನ್ನು ಅಲ್ಲಿರುವ ಸೂಕ್ಷ್ಮಜೀವಿಗಳು ಹುಳಿಯಿಸಿ ತಿನ್ನುತ್ತವೆ. ಅದರಿಂದ ಬರುವ ಆಮ್ಲಗಳು ಕರುಳಿನ ಒಳಪದರಕ್ಕೆ ಆಹಾರ. ತಿಪ್ಪೆಗೆ ಕಸಕಡ್ಡಿ ಬೀಳದಿದ್ದರೆ ಗೊಬ್ಬರವಾಗುತ್ತಾ? ಇದೂ ಹಾಗೇ.

ದೊಡ್ಡವರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ ನಾರು ಇದೆ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿ, ಜೋಳ ಬೆಳೆದು ಮಾರಿ, ಮೂರು ಹೊತ್ತೂ ನ್ಯಾಯಬೆಲೆ ಅಂಗಡಿಯ ಅಕ್ಕಿ ಉಣ್ಣುವ ಮನೆಗಳು ನಮ್ಮಲ್ಲೇ ಎಷ್ಟಿಲ್ಲ? ಅದೇ ಮನೆಯವರು ಮಲಬದ್ಧತೆ ಅಂತ ಔಷಧಿ ಅಂಗಡಿಗೆ ಹೋಗಿ ಇಸಬಗೋಲು ತರ್ತಾರೆ. ಅದೇನು ಮಾಡಿದ್ದು? ಅದೂ ಒಂದು ಬೀಜದ ಸಿಪ್ಪೆ! ಗುಜರಾತ್, ರಾಜಸ್ಥಾನದ ರೈತರು ಬೆಳೆದದ್ದು. ನಮ್ಮ ಕಾಳಿನ ಸಿಪ್ಪೆ ಕೊಟ್ಟಿಗೆಗೆ ಹಾಕಿ, ಅವರ ಬೀಜದ ಸಿಪ್ಪೆಗೆ ದುಡ್ಡು ಕೊಡೋದು ಯಾವ ಲೆಕ್ಕ?

ನಾವು ಮಾಡಬಹುದಾದ್ದು ಇಷ್ಟು. ಮನೆ ಬಳಕೆಯ ನವಣೆ, ಸಾಮೆಗೆ ಹೊಟ್ಟು ಮಾತ್ರ ತೆಗೆಸಿ, ಪಾಲಿಶ್ ಬೇಡ ಅನ್ನಿ. ಕಾಳನ್ನು ಹೊಟ್ಟಿನ ಸಮೇತ ಇಟ್ಟುಕೊಂಡು, ಹದಿನೈದು ದಿನಕ್ಕೆ ಬೇಕಾದಷ್ಟೇ ಅಕ್ಕಿ ಮಾಡಿಸಿದರೆ ಕಮಟಿನ ಭಯವಿಲ್ಲ. ರಾಗಿ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿಯಬೇಡಿ. ಜೊತೆಗೆ ಹುರುಳಿ, ಅವರೆ, ಸೊಪ್ಪು ಇರಲಿ. ಅಭ್ಯಾಸ ತಪ್ಪಿದವರು ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತೆ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡೀರಿ.

ಮಾರುವವರೂ ಪೊಟ್ಟಣದ ಮೇಲೆ ‘ತೌಡು ಸಮೇತ’ ಅಂತ ಬರೆದು, ಅಕ್ಕಿ ಮಾಡಿಸಿದ ತಾರೀಖು ಹಾಕಲಿ. ಬಣ್ಣ ಕಂದಾದರೂ ಗಿರಾಕಿ ಯಾಕೆ ಅಂತ ತಿಳಿದು ಕೊಳ್ತಾನೆ. ಹಾಗೆ ಮಾರುತ್ತಿರುವವರು ನಿಮ್ಮೂರಲ್ಲಿದ್ದರೆ ಪತ್ರಿಕೆಗೆ ಬರೆಯಿರಿ, ನಾವೂ ಕಲಿಯೋಣ.