ನಾಯಿಯ ಕಿವಿಗೆ ಕಾಯಿಸಿದ ಎಣ್ಣೆ ಬೇಡ

ನಾರಾಯಣಪುರದ ಬಸವಸಾಗರದಿಂದ ಹರಿದುಬರುವ ಎಡದಂಡೆ ಕಾಲುವೆಯು ಶಹಾಪುರ, ಸುರಪುರಗಳ ಒಣಭೂಮಿಯನ್ನು ಭತ್ತದ ಗದ್ದೆಗಳನ್ನಾಗಿ ಮಾರ್ಪಡಿಸಿದಂದಿನಿಂದ, ಹೊಲಗಾವಲಿನ ನಾಯಿಗಳೂ ಕುರಿಹಟ್ಟಿಯ ನಾಯಿಗಳೂ ಕೆಸರಿನಲ್ಲಿ ಹೊರಳಿ, ನೀರಿನಲ್ಲಿ ಈಜಿ, ತೊಯ್ದ ಕಿವಿಗಳೊಡನೆ ಮನೆಗೆ ಮರಳುವುದು ನಿತ್ಯದ ನೋಟವಾಗಿದೆ. ಯಾದಗಿರಿಯ ಭೀಮಾತೀರದಲ್ಲಿಯೂ ಇದೇ ಸ್ಥಿತಿ.

ನಾಯಿಯ ಕರ್ಣನಾಳವು ಮೊದಲು ಕೆಳಗಿಳಿದು ಬಳಿಕ ಒಳಕ್ಕೆ ತಿರುಗುವುದರಿಂದ, ಒಮ್ಮೆ ಹೊಕ್ಕ ನೀರು ಸುಲಭವಾಗಿ ಹೊರಬಾರದೆ, ಆ ತೇವದಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ವೃದ್ಧಿಹೊಂದುತ್ತವೆ. ದುರ್ಗಂಧ, ಕಂದುಬಣ್ಣದ ಗುಗ್ಗೆ, ಪದೇ ಪದೇ ತಲೆ ಕೊಡಹುವಿಕೆ ಇವೇ ವ್ಯಾಧಿಯ ಲಕ್ಷಣಗಳು. ಆಗ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಹೊಯ್ಯುವುದು ಸರ್ವಥಾ ಕೂಡದು. ಒಳಗಿನ ತಮಟೆ ಹರಿದಿದ್ದಲ್ಲಿ ಅದು ಮೂಕಪ್ರಾಣಿಗೆ ಅಸಹ್ಯ ವೇದನೆಯನ್ನೂ ಶ್ರವಣಹಾನಿಯನ್ನೂ ತಂದೀತು. ಹತ್ತಿ ಸುತ್ತಿದ ಕಡ್ಡಿಯೂ ಕೊಳೆಯನ್ನು ಇನ್ನಷ್ಟು ಆಳಕ್ಕೆ ದೂಡುವುದೇ ಹೊರತು ಹೊರತೆಗೆಯದು.

ಆರೋಗ್ಯವಾಗಿರುವ ಕಿವಿಯನ್ನು ಅನಾವಶ್ಯಕವಾಗಿ ಕೆದಕಲಾಗದು. ನೀರಿನಿಂದ ಬಂದೊಡನೆ ಹೊರಗಿವಿಯನ್ನು ಒಣಬಟ್ಟೆಯಿಂದ ಒರೆಸಿದರೆ ಬಹುಪಾಲು ಸಾಕು. ಶುಚಿಗೊಳಿಸಬೇಕಾದಲ್ಲಿ, ವೈದ್ಯರು ಸೂಚಿಸಿದ ದ್ರಾವಣವನ್ನು ಉಗುರುಬೆಚ್ಚಗೆ ಮಾಡಿ ತುಂಬಿ, ಕಿವಿಯ ಬುಡವನ್ನು ಮೃದುವಾಗಿ ನೀವಿ, ನಾಯಿ ತಾನಾಗಿ ತಲೆ ಕೊಡಹಲು ಬಿಟ್ಟು, ಹೊರಬಂದುದನ್ನು ಹತ್ತಿಯಿಂದ ಒರೆಸತಕ್ಕದ್ದು. ಮಡಿಕೆಗಳಲ್ಲಿ ಅಡಗುವ ಉಣ್ಣಿಯನ್ನು ಚಿಮಟದಿಂದ ಚರ್ಮದ ಸಮೀಪದಲ್ಲಿಯೇ ಹಿಡಿದು ನೇರವಾಗಿ ಎಳೆಯಬೇಕು, ಸೀಮೆಎಣ್ಣೆ ಹಚ್ಚಲಾಗದು. ರಕ್ತ, ಕೀವು ಅಥವಾ ಓರೆಯಾದ ತಲೆ ಕಂಡರೆ ಮನೆಯ ಉಪಚಾರವನ್ನು ಅಲ್ಲಿಗೇ ನಿಲ್ಲಿಸಿ ದನದ ದವಾಖಾನೆಗೆ ಕರೆದೊಯ್ಯಬೇಕು.

ಹುಚ್ಚುನಾಯಿ ರೋಗದ ಲಸಿಕೆಯ ಶಿಬಿರಗಳಲ್ಲಿಯೇ ಪಶುವೈದ್ಯರು ಕಿವಿಗಳನ್ನೂ ಪರೀಕ್ಷಿಸಿ, ಈ ಕ್ರಮವನ್ನು ಕುರಿಗಾಹಿಗಳ ಕೈಯಿಂದಲೇ ಮಾಡಿಸಿ ಕಲಿಸುವಂತೆ ಶಹಾಪುರ, ಸುರಪುರ, ಯಾದಗಿರಿ ಮೂರೂ ತಾಲ್ಲೂಕುಗಳಲ್ಲಿ ವ್ಯವಸ್ಥೆಯಾಗಲೇಬೇಕು.