ಚಂದಾ ಎತ್ತೋದೇ ಆದರೆ ಕಾಯಿಲೆಗೆ ಮುಂಚೆ ಎತ್ತೋಣ

"ಇನ್ಶೂರೆನ್ಸ್ ಯಾಕೆ ಮಾಡಿಸಿರಲಿಲ್ಲ?"

ಅಪ್ಪನಿಗೋ ಅಮ್ಮನಿಗೋ ಕ್ಯಾನ್ಸರ್ ಅಂತ ಗೊತ್ತಾಗಿ, ದುಡ್ಡಿಗೆ ಕೈಚಾಚಿದ ಮನೆಯವರಿಗೆ ನಾವು ಕೇಳೋ ಮೊದಲನೇ ಪ್ರಶ್ನೆ ಇದು. ಕೊಡೋದು ನೂರು ರೂಪಾಯಿ, ಜೊತೆಗೆ ಸಾವಿರ ರೂಪಾಯಿಯ ಬುದ್ಧಿಮಾತು! ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. "ಮಗ ಸಾಫ್ಟ್‌ವೇರ್ ಅಲ್ವಾ, ಅವನಿಗೇನು ಕಡಿಮೆ?"

ನಾನೂ ಅದೇ ಸಾಫ್ಟ್‌ವೇರ್ ಜಾತಿಯವನು, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವನು. ನನ್ನ ಜೊತೆ ಓದಿದ ಹರಿಹರದ ಗೆಳೆಯನೊಬ್ಬ ಹೋದ ವರ್ಷ ಈ ಎರಡೂ ಪ್ರಶ್ನೆಗಳನ್ನ ಕೇಳಿ ಕೇಳಿ ಸಾಕಾಗಿ ಹೋದ. ಅವರಪ್ಪ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸಿ ಮಗನನ್ನ ಓದಿಸಿದವರು. ವಯಸ್ಸು 62. ಮಗನ ಸಂಬಳದಲ್ಲಿ ಎಜುಕೇಶನ್ ಲೋನು, ತಂಗಿ ಮದುವೆ ಸಾಲ, ಬೆಂಗಳೂರಿನ ಬಾಡಿಗೆ. ಇನ್ನು ಉಳಿಯೋದೆಷ್ಟು ಅಂತ ನೀವೇ ಲೆಕ್ಕ ಹಾಕಿ.

ಸರಿ, ಇನ್ಶೂರೆನ್ಸ್ ವಿಷಯಕ್ಕೇ ಬರೋಣ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರಕ್ಕೆ ಅನ್ನ ಹಾಕಿತು, ಹತ್ತಿ ಗಿರಣಿಗಳು ದಾವಣಗೆರೆಗೆ "ಕರ್ನಾಟಕದ ಮ್ಯಾಂಚೆಸ್ಟರ್" ಅನ್ನೋ ಹೆಸರು ತಂದವು. ಕಿರ್ಲೋಸ್ಕರ್ ಬಾಗಿಲು ಹಾಕಿತು, ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಕೆಲಸದ ಜೊತೆ ಬಂದ ವಿಮೆ ಕೆಲಸದ ಜೊತೆಗೇ ಹೋಗುತ್ತೆ. ಆಮೇಲೆ ಲೇತ್ ಓಡಿಸಿಯೋ, ಅಂಗಡಿ ಇಟ್ಟುಕೊಂಡೋ ಬದುಕಿದವರಿಗೆ ಅದೂ ಇಲ್ಲ. ಕಾಯಿಲೆ ಬಂದ ಮೇಲೆ ಪಾಲಿಸಿ ತಗೊಳ್ಳೋಣ ಅಂದರೆ, ಕಂಪನಿ ಒಪ್ಪೋದೇ ಕಷ್ಟ. ಒಪ್ಪಿದರೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸೋಕೆ ನಿಯಮವೇ ಅವಕಾಶ ಕೊಟ್ಟಿದೆ. ಮೂರು ವಾರಕ್ಕೊಮ್ಮೆ ಕೀಮೋ ಬೇಕಾದವರು ಮೂರು ವರ್ಷ ಕಾಯಬೇಕಂತೆ!

ಹಾಗಾದರೆ ಸರ್ಕಾರದ ಯೋಜನೆ? ಇದೆಯಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಈಗ ಅದರ ಹೆಸರಿನೊಳಗೆ ಪ್ರಧಾನ ಮಂತ್ರಿಯೂ ಇದ್ದಾರೆ, ಮುಖ್ಯಮಂತ್ರಿಯೂ ಇದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಒಳ್ಳೆಯದು, ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಮನೆಯಲ್ಲಿ ಒಬ್ಬ ಆದಾಯ ತೆರಿಗೆ ಕಟ್ಟೋನಿದ್ದರೆ ನೀವು ಎಪಿಎಲ್. ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಯಾವುದರ ಶೇಕಡಾ 30 ಗೊತ್ತಾ? ಆಸ್ಪತ್ರೆ ಬಿಲ್ಲಿನದ್ದಲ್ಲ, ಸರ್ಕಾರ ತಾನೇ ಗೊತ್ತುಮಾಡಿದ ಪ್ಯಾಕೇಜ್ ದರದ್ದು. ದರ ಒಂದು ಲಕ್ಷ ಅಂತಿದ್ದರೆ ಕೈಗೆ ಬರೋದು 30 ಸಾವಿರ. ಇನ್ನು ಬೆಂಗಳೂರಿನ ಕಿದ್ವಾಯಿಗೆ ಹೋದರೆ ಊರಿಂದ ಸುಮಾರು 260 ಕಿಲೋಮೀಟರ್. ರೇಡಿಯೇಶನ್ ಅಂದರೆ ಎಷ್ಟೋ ಸಲ ವಾರಕ್ಕೆ ಐದು ದಿನ, ಐದಾರು ವಾರ. ರೂಮು, ಊಟ, ಜೊತೆಗಿರೋರ ಕೆಲಸ ಹಾಳು... ಇದಕ್ಕೆಲ್ಲ ಪ್ಯಾಕೇಜ್ ಎಲ್ಲಿದೆ?

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆ ಅಂತ ಘೋಷಿಸಿತು. ಅಂದರೆ ಕಾಯಿಲೆಗೆ ಕಾರ್ಡಿನ ಬಣ್ಣ ಕೇಳಬಾರದು ಅಂತ ಸರ್ಕಾರವೇ ಒಪ್ಪಿಕೊಂಡಂತಾಯ್ತು. 62ಕ್ಕೆ ಬಂದ ಕ್ಯಾನ್ಸರ್ 70 ತುಂಬೋವರೆಗೂ ಹೊರಗೆ ಕೂತಿರುತ್ತಾ ಸ್ವಾಮಿ?

ಹೀಗಾಗಿ ಉಳಿಯೋದು ಚಂದಾ. ಅಪ್ಪನ ಮೂಗಿಗೆ ಪೈಪ್ ಹಾಕಿದ ಫೋಟೋ, ರಿಪೋರ್ಟು, ಬ್ಯಾಂಕ್ ಅಕೌಂಟ್ ನಂಬರು, ಎಲ್ಲಾ ಊರಿಗೆಲ್ಲ ಹಂಚಬೇಕು. ಮಾನ ಬಿಟ್ಟು ಕೇಳಬೇಕು. ನನ್ನ ಗೆಳೆಯನಿಗೆ ಕಾಲೇಜು, ಆಫೀಸು, ಅಮೆರಿಕದಲ್ಲಿರೋ ಸೀನಿಯರುಗಳು ಅಂತ ಮುನ್ನೂರು ಜನ ಇದ್ದರು. ಒಂದಷ್ಟು ಸೇರಿತು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಬೇಯೋನ ಫೋನಿನಲ್ಲಿ ಯಾರಿದ್ದಾರೆ? ಅವನಂಥವರೇ ಇಪ್ಪತ್ತು ಜನ. ಅವನ ರೇಷನ್ ಕಾರ್ಡಿನಲ್ಲಿ ಏನೋ ತಪ್ಪಾಗಿ ಬಿಪಿಎಲ್ ಹೋಯ್ತೋ, ಕಥೆ ಮುಗೀತು. ಚಂದಾ ಅನ್ನೋದು ಕಾಯಿಲೆ ನೋಡಿ ಸೇರೋದಲ್ಲ ಕಣ್ರೀ, ಪರಿಚಯ ನೋಡಿ ಸೇರೋದು.

"ಎಲ್ಲರಿಗೂ ಕೊಟ್ಟರೆ ದುಡ್ಡು ಎಲ್ಲಿಂದ ಬರುತ್ತೆ?" ಅಂತೀರಿ. ಈಗ ಎಲ್ಲಿಂದ ಬರ್ತಿದೆ? ನಿಮ್ಮ ಜೇಬಿಂದ, ಅಡವಿಟ್ಟ ಮಾಂಗಲ್ಯದಿಂದ, ಅರ್ಧ ಬೆಲೆಗೆ ಮಾರಿದ ಸೈಟಿನಿಂದ. ದುಡ್ಡು ಹೇಗೂ ಖರ್ಚಾಗ್ತಿದೆ. ತಡವಾಗಿ, ಅಡ್ಡಾದಿಡ್ಡಿಯಾಗಿ, ಕೆಲವು ಸಲ ಆಸಾಮಿ ಹೋದ ಮೇಲೆ.

ಮೊದಲೇ ಸೇರಿಸಿಡೋ ದಾರಿ ನಮಗೆ ಹೊಸದಲ್ಲ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ರೈತ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದ. ಆಪರೇಶನ್ನಿಗಷ್ಟೇ ಅನ್ವಯ, ಕೊರತೆ ಬೇಕಾದಷ್ಟಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿಸಿದರು, 2022ರ ಕೊನೆಗೆ ಮತ್ತೆ ನೋಂದಣಿ ಶುರುಮಾಡಿದರು. ಬೇಕು ಅನ್ನಿಸಿದ್ದಕ್ಕೇ ತಾನೇ ವಾಪಸ್ ತಂದದ್ದು?

ನನ್ನ ಬೇಡಿಕೆ ಇಷ್ಟೇ. ಎಪಿಎಲ್ ಕುಟುಂಬಗಳಿಂದ ಆದಾಯಕ್ಕೆ ತಕ್ಕಂತೆ ವರ್ಷಕ್ಕಿಷ್ಟು ಅಂತ ವಂತಿಗೆ ತಗೊಳ್ಳಿ. ಶೇಕಡಾ 30ರ ನಾಟಕ ಬಿಟ್ಟು, ಕ್ಯಾನ್ಸರಿಗಾದರೂ ಪೂರ್ತಿ 5 ಲಕ್ಷದ ರಕ್ಷಣೆ ಕೊಡಿ. ಪುಕ್ಕಟೆ ಕೇಳ್ತಿಲ್ಲ, ನಾವು ಕಟ್ಟೋಕೆ ತಯಾರಿದ್ದೀವಿ. ಗಣಪತಿಗೆ ವರ್ಷಾ ವರ್ಷ ಮೊದಲೇ ಪಟ್ಟಿ ಎತ್ತೋ ಜನ ನಾವು, ಇದಕ್ಕೆ ಕೊಡಲ್ಲ ಅಂತೀವಾ?

ಅಲ್ಲಿಯವರೆಗೆ, ಮುಂದಿನ ಸಲ ಯಾರಾದರೂ ಕೇಳಿದಾಗ ಕೈಲಾದಷ್ಟು ಕೊಡಿ. ಆಗದಿದ್ದರೆ ಇಲ್ಲ ಅನ್ನಿ, ಅದೂ ತಪ್ಪಲ್ಲ. "ಯಾಕೆ ಮಾಡಿಸಿರಲಿಲ್ಲ" ಅನ್ನೋ ಪ್ರಶ್ನೆಯನ್ನ ಮಾತ್ರ ಅವರಿಗೆ ಕೇಳಬೇಡಿ. ವೋಟು ಕೇಳೋಕೆ ಮನೆ ಬಾಗಿಲಿಗೆ ಬರ್ತಾರಲ್ಲ, ಅವರಿಗೆ ಕೇಳಿ.